ಸೋಂಬೇರಿ ದೋಣಿಯ ನಲವತ್ತೊಂದು ಜನ

ಮಾರ್ಚ್ 4

ತೂಕ ಮತ್ತು ಅಳತೆಗಳ ಕಾವಲುಗಾರ್ತಿಯೂ ನನ್ನ ಮಾಜಿ ಜೊತೆ-ಅಂಬಿಗಿತ್ತಿಯೂ ಆದ ತಕ್ಕಡಿಗೆ,

ಅಂಚೆಯಲ್ಲಿ ಕಾಗದ ಬಂತೆಂದು ಗಾಬರಿಯಾಗಬೇಡ. ಫೋನಿನಲ್ಲಿ, ಮೇಲ್‌ನಲ್ಲಿ, ಮನುಷ್ಯರು ಕಂಡುಹಿಡಿದ ಎಲ್ಲ ಕಿಟಕಿಗಳಲ್ಲೂ ನೀನು ನನ್ನನ್ನು ಬ್ಲಾಕ್ ಮಾಡಿ ಎರಡು ವರ್ಷವಾಯಿತು. ಅಂಚೆ ಕಚೇರಿಯಲ್ಲಿ ಆ ಸೌಲಭ್ಯ ಇನ್ನೂ ಬಂದಿಲ್ಲವೆಂದು ಕೌಂಟರಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡೇ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವರು ನಿನ್ನ ಅಮ್ಮ. ಅವರ ಮೇಲೆ ಸಿಟ್ಟಾಗಬೇಡ, ನಾನು ವಿಮಾ ಕಂಪನಿಯವನ ದನಿಯಲ್ಲಿ ಕೇಳಿದ್ದೆ.

ಸುದ್ದಿ ಇದು. ನಮ್ಮ 'ಏಳು ದಡ' ಆನ್‌ಲೈನ್ ಆಟವನ್ನು ಮೇ 31ರ ಮಧ್ಯಾಹ್ನ ಹನ್ನೆರಡಕ್ಕೆ ಶಾಶ್ವತವಾಗಿ ಮುಚ್ಚುತ್ತಾರೆ. ಕಂಪನಿಯ ಪ್ರಕಟಣೆಯ ತಲೆಬರಹ 'ಸಂಭ್ರಮದ ವಿದಾಯ'. ಒಂಬತ್ತು ವರ್ಷ ದೋಣಿ ಹುಟ್ಟು ಹಾಕಿದ ನಮಗೆಲ್ಲ ಕೃತಜ್ಞತೆಯ ಗುರುತಾಗಿ ಒಂದು ಕೆಂಪು ಟೊಪ್ಪಿ ಕೊಡುತ್ತಾರಂತೆ. ನಿಜವಾದ ಟೊಪ್ಪಿ ಅಲ್ಲ, ಆಟದೊಳಗೆ ಹಾಕಿಕೊಳ್ಳುವುದು. ಆಟ ಇರುವುದು ಇನ್ನು ಮೂರು ತಿಂಗಳು. ನಮ್ಮ ತಲೆಗೆ ನಮ್ಮ ಕಣ್ಣೆದುರೇ ಇಷ್ಟು ಬಹಿರಂಗವಾಗಿ ಟೊಪ್ಪಿ ಹಾಕಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಯಾಕೆ ಮುಚ್ಚುತ್ತಾರೆ ಎಂದರೆ, ಜನ ಕಡಿಮೆ, ಗುಂಡು ಹಾರುವುದಿಲ್ಲ, ಯಾರೂ ಗೆಲ್ಲುವುದಿಲ್ಲ. ಮಂಜಿನಲ್ಲಿ ದೋಣಿ ನಡೆಸುವುದು, ದಡದಲ್ಲಿ ಕಂದೀಲು ಎತ್ತಿದವರನ್ನು ಹತ್ತಿಸಿಕೊಳ್ಳುವುದು, ಇನ್ನೊಂದು ದಡಕ್ಕೆ ಇಳಿಸುವುದು, ನಡುವೆ ಹರಟುವುದು, ಇಷ್ಟೇ ತಾನೆ. ಅವರಿಗೆ ಅದು ಆಟವೇ ಅಲ್ಲವಂತೆ. ಕಂದೀಲು ಎತ್ತಿದವರನ್ನು ಬಿಟ್ಟು ಹೋಗಬಾರದು ಎನ್ನುವುದು ಕಂಪನಿ ಮಾಡಿದ ನಿಯಮವಲ್ಲ, ನಾವು ನಾವೇ ಮಾಡಿಕೊಂಡದ್ದು ಎಂಬುದು ಆ ಮಹನೀಯರಿಗೆ ಗೊತ್ತಿದೆಯೋ ಇಲ್ಲವೋ.

ನಾನು ಈಗಲೂ ಅದೇ ಕಟ್ಟುಹಲ್ಲಿನ ಲ್ಯಾಬಿನಲ್ಲಿದ್ದೇನೆ. ಸುದ್ದಿ ಓದಿದ ದಿನ ಒಬ್ಬರ ಮೇಲ್ದವಡೆಗೆ ಒಂದು ಹಲ್ಲು ಜಾಸ್ತಿ ಕೂರಿಸಿಬಿಟ್ಟೆ. ಯಜಮಾನರು ಅಚ್ಚನ್ನು ಬೆಳಕಿಗೆ ಹಿಡಿದು, ಇದು ಮನುಷ್ಯರಿಗೋ ಕುದುರೆಗೋ ಎಂದು ಶಾಂತವಾಗಿ ವಿಚಾರಿಸಿದರು.

ಅವರು ಯಾವಾಗ ಬೇಕಾದರೂ ಮುಚ್ಚಬಹುದು, ನಮ್ಮ ಕೈಯಲ್ಲಿ ಏನೂ ಇಲ್ಲ. ಆದರೂ ಸುಮ್ಮನಿರಲು ಮನಸ್ಸಿಲ್ಲ. ನಮ್ಮ ದೋಣಿ ಸೋಂಬೇರಿ ಮೂರನೇ ದಡದಲ್ಲಿ ಕಟ್ಟಿದಲ್ಲೇ ಇದೆ. ಒಮ್ಮೆ ಬಂದು ನೋಡು.

ಇತಿ ನಿನ್ನ ವಿಧೇಯ ಅವಿಧೇಯ,
ದವಡೆ

*

ಮಾರ್ಚ್ 15

ದವಡೆಗೆ,

ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಿನ್ನ ಕಾಗದದಲ್ಲಿ ಒಂದು ತಪ್ಪಿದೆ. ತಪ್ಪು ಲೆಕ್ಕ ಎದುರಿಗಿದ್ದರೆ ಸುಮ್ಮನೆ ಹೋಗಲು ನನಗೆ ಬರುವುದಿಲ್ಲ, ನನ್ನ ಕೆಲಸವೇ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ ಎಂದು ನೋಡುವುದು.

ಅವರು ಯಾವಾಗ ಬೇಕಾದರೂ ಮುಚ್ಚಲಾರರು. ಮೊದಲ ವರ್ಷ ರಿಪೇರಿಗೆಂದು ಏಕಾಏಕಿ ಆಟ ನಿಲ್ಲಿಸಿ ಮುನ್ನೂರು ದೋಣಿ ಮುಳುಗಿಸಿದ್ದು ನೆನಪಿದೆಯಲ್ಲ. ಆಗ ಎಲ್ಲರೂ ಗಲಾಟೆ ಮಾಡಿದ ಮೇಲೆ ಅವರು ಹದಿನಾಲ್ಕನೇ ನಿಯಮ ಸೇರಿಸಿದರು: ನೀರಿನ ಮೇಲೆ ಜನರಿರುವ ದೋಣಿ ಒಂದಾದರೂ ಇದ್ದರೆ ಆಟದ ಬಾಗಿಲು ಮುಚ್ಚತಕ್ಕದ್ದಲ್ಲ. ಅದು ಕಾಗದದ ನಿಯಮವಲ್ಲ, ಯಂತ್ರದೊಳಗೇ ಬರೆದದ್ದು. ತೆಗೆದ ಸುದ್ದಿ ನಾನು ಕೇಳಿಲ್ಲ.

ನನಗೆ ಇನ್ನು ಬರೆಯಬೇಡ.

ತಕ್ಕಡಿ

*

ಮಾರ್ಚ್ 20

'ಏಳು ದಡ' ಕಂಪನಿಯ ಗ್ರಾಹಕ ಸಂತೋಷ ವಿಭಾಗದ ಮಹನೀಯರ ದಿವ್ಯ ಸಮ್ಮುಖಕ್ಕೆ,

ದವಡೆ ಎಂಬ ಅಂಬಿಗನು ಕೈಮುಗಿದು, ಆದರೆ ತಲೆ ಬಾಗಿಸದೆ, ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಾವು ಆಟವನ್ನು ಮುಚ್ಚುತ್ತಿದ್ದೀರಿ. ನಡೆಸಲು ಬೇಸರವಾಗಿದ್ದರೆ ಸಂತೋಷ, ಬೇಸರ ಯಾರಿಗೂ ಬರಬಹುದು. ಆದರೆ ತಮಗೆ ಬೇಡವಾದ ಮನೆಗೆ ಬೆಂಕಿ ಏಕೆ ಇಡಬೇಕು? ಬೀಗದ ಕೈಯನ್ನು ನಮಗೆ ಕೊಡಿ. ಆಟದ ಪ್ರೋಗ್ರಾಮ್ ನಮ್ಮ ವಶಕ್ಕೆ ಬಂದರೆ ನಾವೇ ನಡೆಸಿಕೊಳ್ಳುತ್ತೇವೆ. ನಮ್ಮಲ್ಲಿ ಕಂಪ್ಯೂಟರ್ ಬಲ್ಲವರಿದ್ದಾರೆ, ಇಬ್ಬರು ನರ್ಸುಗಳಿದ್ದಾರೆ, ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರಿದ್ದಾರೆ, ಹಲ್ಲು ಬೇಕಾದವರಿಗೆ ನಾನಿದ್ದೇನೆ.

ಕೊಡದಿದ್ದರೆ ನಾವು ಹೋಗುವುದಿಲ್ಲ. ಇದನ್ನು ಬೆದರಿಕೆ ಎಂದು ತಿಳಿಯಬಾರದು. ವೇಳಾಪಟ್ಟಿ ಎಂದು ತಿಳಿಯಬೇಕು.

ತಮ್ಮ ಸಂತೋಷವನ್ನು ಕೆಡಿಸಲು ಸದಾ ಸಿದ್ಧನಿರುವ,
ದವಡೆ

*

ಏಪ್ರಿಲ್ 2

ಪ್ರಿಯ ಆಟಗಾರರಾದ ದವಡೆ ಅವರೇ,

ನಿಮ್ಮ ಅನಿಸಿಕೆ ನಮಗೆ ಅಮೂಲ್ಯವಾದುದು. ನಿಮ್ಮ ಅನಿಸಿಕೆಯನ್ನು ಅನಿಸಿಕೆಗಳ ಸಂಗ್ರಹಕ್ಕೆ ಸೇರಿಸಲಾಗಿದೆ. ಪ್ರೋಗ್ರಾಮ್ ಹಸ್ತಾಂತರಿಸಲು ಅವಕಾಶವಿರುವುದಿಲ್ಲ. ಮೇ 31ರಂದು ಹನ್ನೆರಡು ಗಂಟೆಯ ನಂತರ ಯಾವ ದಡದಿಂದಲೂ ದೋಣಿ ಹೊರಡಲು ಸಾಧ್ಯವಾಗದು ಎಂಬುದನ್ನು ದಯವಿಟ್ಟು ಗಮನಿಸಿ. ನಿಮ್ಮ ಕೆಂಪು ಟೊಪ್ಪಿಯನ್ನು ಪಡೆದುಕೊಳ್ಳಲು ಮರೆಯದಿರಿ.

ನಿಮ್ಮ ಸಂತೋಷವೇ ನಮ್ಮ ಸಂತೋಷ,
ಗ್ರಾಹಕ ಸಂತೋಷ ವಿಭಾಗ

*

ಏಪ್ರಿಲ್ 5

ತಕ್ಕಡಿಗೆ,

ಬರೆಯಬೇಡ ಎಂದಿದ್ದೆ. ಬರೆಯುತ್ತಿಲ್ಲ, ವರದಿ ಒಪ್ಪಿಸುತ್ತಿದ್ದೇನೆ.

ನಿನ್ನ ಹದಿನಾಲ್ಕನೇ ನಿಯಮ ಬದುಕಿದೆ. ಪ್ರತಿ ಬುಧವಾರ ಬೆಳಿಗ್ಗೆ ರಿಪೇರಿಗೆಂದು ಒಂದು ಗಂಟೆ ಆಟ ಮುಚ್ಚುತ್ತಾರಲ್ಲ, ಆಗ ನಮ್ಮ ಡ್ರಿಲ್ ಮೇಷ್ಟ್ರು ಎರಡನೇ ದಡದಿಂದ ಮೂರನೇ ದಡಕ್ಕೆ ಬಸವನಹುಳುವಿಗೂ ನಾಚಿಕೆಯಾಗುವ ವೇಗದಲ್ಲಿ ದೋಣಿ ನಡೆಸಿದರು. ಬಾಗಿಲು ನಲವತ್ತು ನಿಮಿಷ ಕಾಯಿತು, ತಕ್ಕಡಿ. ಬಾಯಿ ತೆರೆದುಕೊಂಡೇ ಕಾಯಿತು. ಮೇಷ್ಟ್ರು ದಡ ಮುಟ್ಟಿದ ಮೇಲೆಯೇ ಮುಚ್ಚಿತು. ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಮಾತು ಕೇಳಿದ್ರು ಕಣಯ್ಯಾ ಎಂದರು.

ಈಗ ಸಮಸ್ಯೆ. ಹನ್ನೆರಡರ ನಂತರ ದಡ ಮುಟ್ಟಿದ ದೋಣಿ ಮತ್ತೆ ಹೊರಡುವಂತಿಲ್ಲ. ದಡ ಮುಟ್ಟದೆ ಸುತ್ತುತ್ತಲೇ ಇರಬಹುದಾದ ಜಾಗ ಹೊರಸಮುದ್ರ ಒಂದೇ. ಅಲ್ಲಿಗೆ ಹೋಗಬಲ್ಲದ್ದು ಹಳೆಯ ಜೋಡಿ ದೋಣಿ ಮಾತ್ರ, ಇಬ್ಬರು ಒಡೆಯರದ್ದು. ಇಬ್ಬರೂ ಸೇರಿ ಹೊರಡಿಸಬೇಕು, ಸರದಿಯ ಮೇಲೆ ಇಬ್ಬರೇ ಹುಟ್ಟು ಹಾಕಬೇಕು. ಹಿಂದೆ ಮೂವತ್ತೊಂಬತ್ತು ಜನ ಕೂರಬಹುದು.

ಅಂಥ ದೋಣಿಗಳು ಉಳಿದಿರುವುದು ಹನ್ನೊಂದು. ಉಳಿದ ಹತ್ತು ಜೋಡಿಗೂ ಬರೆದೆ. ಒಂಬತ್ತು ವರ್ಷ ಒಂದೇ ದೋಣಿಯಲ್ಲಿ ಕೂತವರಿಗೆ ಏನಾಗುತ್ತದೋ, ಹತ್ತರಲ್ಲಿ ಒಂದು ಜೋಡಿಯೂ ಮಾತಾಡುವ ಸ್ಥಿತಿಯಲ್ಲಿಲ್ಲ. ಅಣ್ಣತಮ್ಮಂದಿರಿಬ್ಬರು ಅಪ್ಪನ ಸ್ಕೂಟರಿನ ವಿಷಯಕ್ಕೆ ಮುಖ ನೋಡುತ್ತಿಲ್ಲ. ಗಂಡಹೆಂಡತಿ ಜೋಡಿಯೊಂದು ಬೇರೆಯಾಗಿದೆ, ಇಬ್ಬರೂ ಪ್ರಯಾಣಿಕರಾಗಿ ಬರುತ್ತಾರಂತೆ, ಆದರೆ ಒಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ, ನಡುವೆ ಕನಿಷ್ಠ ಆರು ಸಾಲು.

ಉಳಿದದ್ದು ಸೋಂಬೇರಿ. ನೀನಿಲ್ಲದೆ ಅದು ಹಗ್ಗವನ್ನೂ ಬಿಚ್ಚುವುದಿಲ್ಲ.

ದವಡೆ

*

ಏಪ್ರಿಲ್ 16

ದವಡೆಗೆ,

ನೀನು ಎರಡು ಕಾಗದ ಬರೆದೆ. ಟೊಪ್ಪಿಯ ಬಗ್ಗೆ ಇದೆ, ಯಾರದೋ ಮೇಲ್ದವಡೆಯ ಬಗ್ಗೆ ಇದೆ, ಸ್ಕೂಟರಿನ ಬಗ್ಗೆಯೂ ಇದೆ. ಆ ವಿಷಯ ಮಾತ್ರ ಇಲ್ಲ. ನೀನು ಬರೆಯದಿದ್ದರೆ ನಾನೇ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಗುಡ್ಡದ ಕಡೆಯ ಅಂಗಡಿಗಳ ತಪಾಸಣೆಗೆ ಹೋಗಿದ್ದೆ. ಹತ್ತು ದಿನ ಸಿಗ್ನಲ್ ಇರಲಿಲ್ಲ, ಆಟಕ್ಕೂ ಬಂದಿರಲಿಲ್ಲ. ನೀನು ಆಟದಲ್ಲಿ ಮೂರನೇ ದಡದ ಸೂಚನಾ ಹಲಗೆಯ ಮೇಲೆ ಬರೆದೆ: 'ನಮ್ಮ ತಕ್ಕಡಿ ಇನ್ನಿಲ್ಲ.' ಜನನ, ಗುಣಗಾನ, ಕೊನೆಯ ಮಾತು, ಎಲ್ಲ ಕಪ್ಪು ಅಂಚು ಹಾಕಿ. ಇನ್ನೂರು ಜನ ನಂಬಿ ಕಂದೀಲು ಹಚ್ಚಿ ಸಾಲಾಗಿ ನಿಂತರು. ತುಂಬಾ ಚೆನ್ನಾಗಿ ಬರೆದಿದ್ದೆ. ನಾನೇ ಓದಿದ್ದೇನೆ.

ನನ್ನ ಅಪ್ಪ ದೂರದ ಸೇತುವೆ ಕೆಲಸದಲ್ಲಿ ಕ್ರೇನ್ ನಡೆಸುತ್ತಿದ್ದರು. ಊಟದ ಬಿಡುವಿನಲ್ಲಿ ಫೋನಿನಲ್ಲಿ ಆಟಕ್ಕೆ ಬಂದು ಮಗಳ ದೋಣಿ ಎಲ್ಲಿದೆ ಎಂದು ನೋಡಿ ಹೋಗುತ್ತಿದ್ದರು. ಅದು ನಿನಗೆ ಗೊತ್ತಿತ್ತು. ಅವರು ಓದಿದರು. ನನ್ನ ಫೋನಿಗೆ ಕರೆ ಹೋಗಲಿಲ್ಲ. ಎರಡು ದಿನ ಬಸ್ಸಿನಲ್ಲಿ ಬಂದರು, ಹೆಲ್ಮೆಟ್ ಕೂಡ ಕೈಯಲ್ಲೇ ಇತ್ತು. ಅಷ್ಟರಲ್ಲಿ ನಾನು ಮನೆಗೆ ಬಂದಿದ್ದೆ. ಬಾಗಿಲು ತೆಗೆದೆ. ಅವರು ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತರು. ಹೆಲ್ಮೆಟ್ ಪಕ್ಕಕ್ಕಿಟ್ಟು, 'ಊಟ ಆಯ್ತಾ?' ಅಂದರು.

ಈಗಲೂ ನಾನು ಇಪ್ಪತ್ತು ನಿಮಿಷ ತಡವಾದರೆ ಅವರು ಗೇಟಿನ ಹತ್ತಿರ ನಿಂತಿರುತ್ತಾರೆ. ಕ್ರೇನ್ ಹತ್ತುವುದಿಲ್ಲ.

ನಾನು ಹುಟ್ಟು ಹಿಡಿಯುತ್ತೇನೆ. ಒಂದು ಷರತ್ತು. ಅಪ್ಪನಿಗೆ ಒಂದು ಕಾಗದ ಬರೆ. ಅದರಲ್ಲಿ ಒಂದೂ ತಮಾಷೆ ಇರಕೂಡದು. ಮೊದಲು ನಾನು ಓದುತ್ತೇನೆ. ಒಂದು ಸಿಕ್ಕಿದರೂ ಸೋಂಬೇರಿ ಅಲ್ಲೇ ಕೊಳೆಯಲಿ.

ತಕ್ಕಡಿ

*

ಏಪ್ರಿಲ್ 24

ತಕ್ಕಡಿಗೆ,

ನಾಲ್ಕು ಸಲ ಬರೆದೆ. ಮೊದಲನೆಯದರಲ್ಲಿ ಮೂರು ತಮಾಷೆ ಇದ್ದವು. ಎರಡನೆಯದರಲ್ಲಿ ಒಂದೇ, ಅದೂ ನನ್ನ ಮೇಲೆ, ಅದಕ್ಕೆ ವಿನಾಯಿತಿ ಇದೆಯೇನೋ ಎಂದುಕೊಂಡು ಆಮೇಲೆ ಹರಿದೆ. ಮೂರನೆಯದು ಸರ್ಕಾರಿ ಸಂತಾಪ ಸೂಚನೆಯಂತಿತ್ತು. ನಾಲ್ಕನೆಯದರಲ್ಲಿ ತಮಾಷೆ ಇರಲಿಲ್ಲ, ಆದರೆ ಸುಳ್ಳಿತ್ತು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅದನ್ನು ಬರೆದರೆ ನೀನು ಬರಲಿಕ್ಕಿಲ್ಲ. ಬರೆಯದೆ ಕಳಿಸಿದರೆ ನೀನು ಬರುತ್ತೀಯ.

ಇನ್ನೊಂದು ವಾರ ಕೊಡು.

ದವಡೆ

*

ಏಪ್ರಿಲ್ 30

ತಕ್ಕಡಿಯ ಅಪ್ಪನವರಿಗೆ,

ನಿಮ್ಮ ಮಗಳು ಸತ್ತಳೆಂದು ಬರೆದವನು ನಾನು. ಅವಳು ಹತ್ತು ದಿನ ಆಟಕ್ಕೆ ಬಂದಿರಲಿಲ್ಲ. ಲ್ಯಾಬಿನಿಂದ ಬಂದ ಮೇಲೆ ನಾನು ಮಾತಾಡುವುದು ಅವಳೊಬ್ಬಳ ಹತ್ತಿರ. ಬೇರೆಯವರ ಎದುರು ನಾನು ಬರೀ ನಗಿಸುತ್ತೇನೆ, ಮಾತಾಡುವುದಿಲ್ಲ. ಅವಳು ಅದನ್ನು ಓದಿ ಓಡಿ ಬಂದು ನನ್ನನ್ನು ಬೈಯಲಿ ಎಂದು ಬರೆದೆ. ಬೈಸಿಕೊಳ್ಳಬೇಕು ಅನ್ನಿಸಿತ್ತು.

ನೀವು ಊಟದ ಬಿಡುವಿನಲ್ಲಿ ಬರುತ್ತೀರಿ ಎಂದು ನನಗೆ ಗೊತ್ತಿತ್ತು. ಬರೆಯುವಾಗ ನೆನಪಾಗಲಿಲ್ಲ.

ಅದೇ ದಿನ ಸಂಜೆ ಹಲಗೆಯ ಮೇಲಿನದನ್ನು ಅಳಿಸಿ ನಿಜ ಬರೆದೆ. ಆಗ ಆಟದಲ್ಲೇ ಇದ್ದ, ನಿಮ್ಮ ಜೊತೆ ಕೆಲಸ ಮಾಡುವವರೊಬ್ಬರು, ನೀವು ಕ್ರೇನಿನಿಂದ ಇಳಿದವರೇ ಬಸ್ ಸ್ಟ್ಯಾಂಡಿಗೆ ಹೋದಿರಿ ಎಂದು ಹೇಳಿದರು. ನಿಮ್ಮ ನಂಬರನ್ನೂ ಕೊಟ್ಟರು. ಅದು ನನ್ನ ಕೈಯಲ್ಲಿತ್ತು. ನಾನು ಫೋನ್ ಮಾಡಲಿಲ್ಲ. ನೀವು ಬೈಯುತ್ತೀರಿ ಎಂದು ಹೆದರಿದೆ. ಮರುದಿನ ಬೆಳಿಗ್ಗೆಯೂ ಮಾಡಲಿಲ್ಲ, ಆಗ ಇನ್ನೂ ತಡವಾಗಿತ್ತು, ಇನ್ನೂ ಹೆದರಿಕೆಯಾಯಿತು. ನೀವು ಎರಡು ದಿನ ಪಟ್ಟ ಪಾಡಿನಲ್ಲಿ ಮೊದಲ ಅರ್ಧ ದಿನ ನನ್ನ ಬುದ್ಧಿಗೇಡಿತನ. ಉಳಿದ ಒಂದೂವರೆ ದಿನ ನನ್ನ ಹೇಡಿತನ. ಇದನ್ನು ನಿಮ್ಮ ಮಗಳಿಗೂ ಹೇಳಿಲ್ಲ.

ಕ್ಷಮಿಸಿ ಎಂದು ಕೇಳುತ್ತೇನೆ. ನೀವು ಕ್ಷಮಿಸಲೇಬೇಕು ಎಂದು ನಾನು ಅಂದುಕೊಂಡಿಲ್ಲ.

ದವಡೆ

*

ಮೇ 8

ಓದಿದೆ. ತಮಾಷೆ ಇಲ್ಲ.

ನಂಬರಿನ ವಿಷಯ ನನಗೆ ಗೊತ್ತಿರಲಿಲ್ಲ. ಕಾಗದವನ್ನು ಅಪ್ಪನಿಗೆ ಕೊಟ್ಟಿದ್ದೇನೆ. ಬರುತ್ತೇನೋ ಇಲ್ಲವೋ ಎಂದು ಈಗ ಕೇಳಬೇಡ.

ತಕ್ಕಡಿ

*

ಮೇ 17

ದವಡೆ ಎಂಬ ಹುಡುಗನಿಗೆ,

ಮಗಳು ಕೊಟ್ಟ ಕಾಗದವನ್ನು ಮೂರು ದಿನ ಕಿಸೆಯಲ್ಲಿಟ್ಟುಕೊಂಡು ಆಮೇಲೆ ಓದಿದೆ. ಓದಿ ಇನ್ನೂ ಮೂರು ದಿನ ಇಟ್ಟುಕೊಂಡೆ. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೋ.

ಫೋನ್ ಮಾಡಬೇಕಿತ್ತು ಕಣಪ್ಪ. ಬೈಯುತ್ತಿದ್ದೆ ನಿಜ. ಆದರೆ ಆಮೇಲೆ ನಿನ್ನನ್ನೇ ಕೂಗಿ ಮಾತಾಡಿಸುತ್ತಿದ್ದೆ, ಅವಳು ಬದುಕಿದ್ದಾಳೆ ಎಂದು ಮತ್ತೆ ಮತ್ತೆ ಹೇಳಿಸಿಕೊಳ್ಳಲು.

ಇನ್ನೊಂದು ಮಾತು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಬಸ್ಸಿನಲ್ಲಿ ಆಟವನ್ನು ಮತ್ತೆ ತೆರೆಯಲು ಧೈರ್ಯ ಬರಲಿಲ್ಲ, ಫೋನ್ ಸತ್ತುಹೋಗುವವರೆಗೂ ಮೊದಲೇ ಉಳಿಸಿಕೊಂಡಿದ್ದ ಆ ದೀಪಗಳ ಚಿತ್ರವನ್ನೇ ನೋಡುತ್ತಿದ್ದೆ. ಇನ್ನೂರು ಜನ. ಮುಖ ನೋಡಿದವರಲ್ಲ, ಹೆಸರು ಗೊತ್ತಿಲ್ಲ. ನನ್ನ ಮಗಳು ತಮ್ಮನ್ನು ಯಾವಾಗ ಎಲ್ಲಿ ದಾಟಿಸಿದಳು ಎಂದು ಒಬ್ಬೊಬ್ಬರೂ ಬರೆದಿದ್ದರು. ಅವಳು ಇಷ್ಟು ಜನರನ್ನು ಸಂಪಾದಿಸಿದ್ದಾಳೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆ ಎರಡು ದಿನ ನಾನು ಬಸ್ಸಿನಿಂದ ಹಾರಿಕೊಳ್ಳದೆ ಇದ್ದದ್ದು ಅದರಿಂದ.

ನೀನು ಬರೆದದ್ದು ಸುಳ್ಳು. ಅವರು ಬರೆದದ್ದು ಸುಳ್ಳಲ್ಲವಲ್ಲ. ಅಂಥ ಜಾಗವನ್ನು ಯಾರೋ ಟೊಪ್ಪಿ ಕೊಟ್ಟು ಮುಚ್ಚುತ್ತಾರೆ ಎಂದರೆ ನಾನು ಒಪ್ಪುವುದಿಲ್ಲ.

ಕ್ಷಮೆಯ ವಿಷಯವನ್ನು ಕಾಗದದಲ್ಲಿ ಮುಗಿಸುವುದು ಬೇಡ, ಮುಖತಾ ನೋಡೋಣ. ದೋಣಿಯಲ್ಲಿ ನನಗೊಂದು ಜಾಗ ಇಡು.

ತಕ್ಕಡಿಯ ಅಪ್ಪ

*

ಮೇ 22

ದವಡೆಗೆ,

31ರಂದು ಹನ್ನೊಂದೂವರೆಗೆ ಮೂರನೇ ದಡ. ಹನ್ನೊಂದು ಐವತ್ತಕ್ಕೆ ಹೊರಡುವುದು. ಬೆಳಿಗ್ಗೆ ಆರರಿಂದ ಹನ್ನೆರಡು ನಾನು, ಹನ್ನೆರಡರಿಂದ ಆರು ನೀನು, ಮತ್ತೆ ನಾನು, ಮತ್ತೆ ನೀನು. ನಾನು ಹದಿನೈದು ದಿನ ರಜೆ ಹಾಕಿದ್ದೇನೆ, ಕಾರಣದ ಜಾಗದಲ್ಲಿ 'ದೋಣಿ' ಎಂದು ಬರೆದೆ. ಮೇಲಧಿಕಾರಿ ಎರಡು ಸಲ ಓದಿ ಸಹಿ ಮಾಡಿದರು.

ನೀನು ಕಳಿಸಿದ ಪಟ್ಟಿಯಲ್ಲಿ ಪ್ರಯಾಣಿಕರು ನಲವತ್ತು ಎಂದಿದೆ. ಎಣಿಸಿದೆ, ಡ್ರಿಲ್ ಮೇಷ್ಟ್ರನ್ನು ಎರಡು ಸಲ ಬರೆದಿದ್ದೀಯ. ನಿನ್ನ ಕೈಗೆ ಜನ ಹಲ್ಲನ್ನಾದರೂ ಹೇಗೆ ಕೊಡುತ್ತಾರೋ.

ಅಪ್ಪನಿಗೆ ಮೊದಲ ಸಾಲು. ಗಂಡಹೆಂಡತಿಯ ನಡುವೆ ಏಳು ಸಾಲು ಬಿಟ್ಟಿದ್ದೇನೆ.

ನಿನ್ನ ಸರದಿಯಲ್ಲಿ ನಿದ್ದೆ ಮಾಡಿದರೆ ನಿಜವಾಗಿಯೂ ಹಲಗೆಯ ಮೇಲೆ ಬರೆಸುತ್ತೇನೆ, ಈ ಸಲ ನಿನ್ನ ಹೆಸರು.

ತಕ್ಕಡಿ

*

ಜೂನ್ 8

ಸಮಸ್ತ ಆಟಗಾರರ ಗಮನಕ್ಕೆ,

ತಾಂತ್ರಿಕ ಕಾರಣಗಳಿಂದ ಉಂಟಾದ ಅಲ್ಪ ವಿಳಂಬದ (ಆರು ದಿನ) ನಂತರ 'ಏಳು ದಡ' ಆಟವನ್ನು ಜೂನ್ 6ರಂದು ಯಶಸ್ವಿಯಾಗಿ ಮುಚ್ಚಲಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ. ನಿಮ್ಮೆಲ್ಲರ ಸಹಕಾರಕ್ಕೆ ಧನ್ಯವಾದಗಳು.

ನಿಮ್ಮ ಸಂತೋಷವೇ ನಮ್ಮ ಸಂತೋಷ,
ಗ್ರಾಹಕ ಸಂತೋಷ ವಿಭಾಗ

*

ಜೂನ್ 16

ಗ್ರಾಹಕ ಸಂತೋಷ ವಿಭಾಗಕ್ಕೆ,

ಈ ಕಾಗದಕ್ಕೆ ಅಂಚೆಚೀಟಿ ಇಲ್ಲ, ಏಕೆಂದರೆ ನಾವು ನಿಮ್ಮ ಕಚೇರಿಯ ಕೆಳಗಡೆಯೇ ಇದ್ದೇವೆ. ಅಕ್ಷರ ದುಂಡಗಿದೆಯಲ್ಲ ಎಂದು ಆಶ್ಚರ್ಯಪಡಬೇಡಿ. ಹೇಳುತ್ತಿರುವವನು ದವಡೆ, ಬರೆಯುತ್ತಿರುವವಳು ತಕ್ಕಡಿ. ನಾನು ಹೇಳಿದ ವಿಶೇಷಣಗಳಲ್ಲಿ ಅರ್ಧವನ್ನು ಅವಳು ಬರೆಯುತ್ತಿಲ್ಲ. 'ದಿವ್ಯ ಸಮ್ಮುಖ' ಈಗತಾನೇ ಹೋಯಿತು.

ನಿಮ್ಮ ಪ್ರಕಟಣೆಯಲ್ಲಿ ಎರಡು ತಪ್ಪುಗಳಿವೆ. ನಾವು ಸಹಕರಿಸಲಿಲ್ಲ. ನೀವು ಮುಚ್ಚಲಿಲ್ಲ. ಆರು ದಿನ ಸೋಂಬೇರಿ ಹೊರಸಮುದ್ರದಲ್ಲಿ ಸುತ್ತಿತು, ಆರು ದಿನ ನಿಮ್ಮ ಬಾಗಿಲು ತೆರೆದೇ ಇತ್ತು. ಜೂನ್ 6ರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಹುಟ್ಟು ತಕ್ಕಡಿಯ ಕೈಯಲ್ಲಿದ್ದಾಗ, ನಿಮ್ಮವರು ಯಾರೋ ವಿದ್ಯುತ್ತಿನ ತಂತಿಯನ್ನೇ ಎಳೆದರು. ಮುಚ್ಚುವುದು ಬೇರೆ, ಒಡೆಯುವುದು ಬೇರೆ. ಪ್ರಕಟಣೆಯನ್ನು ತಿದ್ದಬೇಕು.

ನಲವತ್ತೊಂದು ಜನರಲ್ಲಿ ಯಾರೂ ಇಳಿಯಲಿಲ್ಲ. ಯಾರನ್ನೂ ಯಾವ ದಡದಲ್ಲೂ ಇಳಿಸಿದ ದಾಖಲೆ ನಿಮ್ಮಲ್ಲಿ ಇಲ್ಲ. ದೂರದವರಿಗೆ ಬರಲಾಗಲಿಲ್ಲ. ಹತ್ತೊಂಬತ್ತು ಜನ ಬಂದು ನಿಮ್ಮ ಕೆಳಗಿನ ಹಾಲಿನಲ್ಲಿ, ನೀರಿನ ಯಂತ್ರದ ಪಕ್ಕದ ಬೂದು ಸೋಫಾಗಳಲ್ಲಿ, ದೋಣಿಯಲ್ಲಿ ಕೂತ ಕ್ರಮದಲ್ಲೇ ಕೂತಿದ್ದೇವೆ. ಡ್ರಿಲ್ ಮೇಷ್ಟ್ರು ಸಾಲು ನೇರ ಮಾಡಿಸಿದ್ದಾರೆ. ಬೇರೆಯಾದ ಗಂಡಹೆಂಡತಿಗೆ ಏಳು ಸಾಲಿನ ಜಾಗ ನಿಮ್ಮ ಹಾಲಿನಲ್ಲಿ ಇಲ್ಲವಾದ್ದರಿಂದ ಅಕ್ಕಪಕ್ಕ ಕೂತಿದ್ದಾರೆ, ಸದ್ಯಕ್ಕೆ ಗೋಡೆ ನೋಡುತ್ತಿದ್ದಾರೆ.

ಮೊದಲ ಸಾಲಿನಲ್ಲಿ ತಕ್ಕಡಿಯ ಅಪ್ಪ ಇದ್ದಾರೆ. ಅವರ ಪಕ್ಕದ ಜಾಗ ನನ್ನದು. ನಾನು ಹಿಂದೆ ಕೂರಲು ಹೊರಟಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಸೋಫಾದ ಮೇಲೆ ಕೈ ತಟ್ಟಿ, 'ಇಲ್ಲೇ ಕೂತ್ಕೋ. ಬೈಯೋದು ಬಾಕಿ ಇದೆ' ಎಂದರು. ಇನ್ನೂ ಬೈದಿಲ್ಲ. ನಾನು ಕಾಯುತ್ತಿದ್ದೇನೆ. ಈ ಸಾಲುಗಳು ನಿಮಗೆ ಸಂಬಂಧಪಟ್ಟವಲ್ಲ, ಆದರೂ ತಕ್ಕಡಿ ಬರೆದುಕೊಂಡಳು.

ಸ್ವಾಗತದ ಮೇಜಿನ ಹುಡುಗಿ ಒಳ್ಳೆಯವಳು, ಅವಳ ಮೇಲೆ ರೇಗಬೇಡಿ. ಯಾರನ್ನು ಭೇಟಿಯಾಗಬೇಕು ಎಂದು ವಿನಯವಾಗಿಯೇ ಕೇಳಿದಳು. ತಕ್ಕಡಿಯ ಅಪ್ಪ ಎದ್ದು ನಿಂತು, 'ಯಾರನ್ನೂ ನೋಡೋಕೆ ಬಂದಿಲ್ಲಮ್ಮ. ನಾವು ಪ್ರಯಾಣಿಕರು. ನಮ್ಮನ್ನ ಎಲ್ಲಿ ಇಳಿಸ್ತೀರಿ ಅಂತ ಕೇಳೋಕೆ ಬಂದ್ವಿ' ಎಂದರು. ಅವಳು ಸ್ವಲ್ಪ ಯೋಚಿಸಿ, ಹಾಗಾದ್ರೆ ಸಂದರ್ಶಕರ ಪುಸ್ತಕದಲ್ಲಿ ಬರೆದುಬಿಡಿ ಎಂದಳು.

ಬೇಡಿಕೆ ಅದೇ, ಪ್ರೋಗ್ರಾಮ್ ಕೊಡಿ, ನಾವೇ ನಡೆಸುತ್ತೇವೆ. ಟೊಪ್ಪಿ ಬೇಡ.

ಪುಸ್ತಕದಲ್ಲಿ ಎಲ್ಲರೂ ಸರದಿಯಂತೆ ಬರೆದಿದ್ದೇವೆ. ಬಂದ ಸಮಯ ಹತ್ತು ಗಂಟೆ ಐದು ನಿಮಿಷ. ಬಂದ ಉದ್ದೇಶ, ಇಳಿಯುವುದು. ಹೊರಡುವ ಸಮಯ ಎಂಬ ಜಾಗವನ್ನು ಹತ್ತೊಂಬತ್ತು ಜನರೂ ಖಾಲಿ ಬಿಟ್ಟಿದ್ದೇವೆ.

ಸೋಂಬೇರಿಯ ಒಡೆಯರು,
ದವಡೆ
ತಕ್ಕಡಿ